ಕುಬ್ರಾಬಿಯ ಗಿಡ್ಡಕೋಳಿಗಳು

ಅಮೃತಹಳ್ಳಿಯಲ್ಲಿ ಕುಬ್ರಾ ಅನ್ನುವ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಿಡ್ಡಕೋಳಿ ಬೂಬಮ್ಮ ಅಂದರೆ ಮಾತ್ರ, ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವರೂ ಕೈ ಎತ್ತಿ ದ್ರಾಕ್ಷಿ ತೋಟದ ಮೂಲೆ ತೋರಿಸುತ್ತಿದ್ದರು. ನಾನು ಆ ಭಾಗಕ್ಕೆ ಸ್ಟಾಕ್‌ಮನ್ ಆಗಿ ಬಂದದ್ದು ಎಪ್ಪತ್ತಮೂರನೇ ಇಸವಿಯಲ್ಲಿ. ಪಶುವೈದ್ಯರ ಕೈಕೆಳಗೆ ಲಸಿಕೆ ಹಾಕುವುದು, ದನಗಳ ಗಾಯಕ್ಕೆ ಔಷಧಿ ಕಟ್ಟುವುದು, ರಿಜಿಸ್ಟರು ಬರೆಯುವುದು ನನ್ನ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ, ಮೇಲೊಂದು ವರ್ಷದ ತರಬೇತಿ. ಆದರೂ ಹಳ್ಳಿಯವರ ಬಾಯಲ್ಲಿ ನಾನು ಡಾಕ್ಟ್ರೇ.

ಕುಬ್ರಾಬಿಯ ಕಥೆ ಬರೆಯುವುದಕ್ಕೆ ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಆಕೆಗೆ ಆದ ಕೇಡಿನಲ್ಲಿ ಬಹುಪಾಲು ನನ್ನ ಕೈಯಿಂದಲೇ ಆದದ್ದು. ನನಗೆ ಆಕೆಯ ಮೇಲೆ ದ್ವೇಷವಿರಲಿಲ್ಲ, ಗೌರವವೇ ಇತ್ತು. ಕೆಲಸವನ್ನು ನಿಯತ್ತಾಗಿ ಮಾಡಿದೆ, ಅಷ್ಟೆ.

ಆಕೆಯ ಗಂಡ ಸರ್ದಾರ್ ಸಾಬರು ರಾಮಣ್ಣಗೌಡರ ದ್ರಾಕ್ಷಿ ತೋಟದಲ್ಲಿ ನೀರು ಹಾಯಿಸುವ ಆಳು. ತೋಟದ ಮೂಲೆಯಲ್ಲಿ ಗೌಡರು ಕೊಟ್ಟಿದ್ದ ಹೆಂಚಿನ ಒಂಟಿ ಕೋಣೆ, ಮುಂದೊಂದು ಸಣ್ಣ ಅಂಗಳ, ಹಿಂದೆ ತಿಪ್ಪೆ. ಗಂಡ, ಹೆಂಡತಿ, ಮಗಳು ರೆಹಾನಾ, ಜೊತೆಗೆ ಇಪ್ಪತ್ತು ಇಪ್ಪತ್ತೈದು ಕೋಳಿ. ಆ ಕೋಳಿಗಳ ಅಮ್ಮ ಅಜ್ಜಿಯರು ಹೆಸರಘಟ್ಟದ ಕಡೆಯ ತವರುಮನೆಯಿಂದ, ಮದುವೆಯ ಮಾರನೆಯ ದಿನ, ಕುಬ್ರಾಬಿಯ ಕಂಕುಳಲ್ಲಿ ಬಂದವು. ಆಕೆಯ ಅಮ್ಮ ಬಟ್ಟೆಗಂಟು ಕೊಡಲಿಲ್ಲ, ಪಾತ್ರೆ ಕೊಡಲಿಲ್ಲ, ಒಂದು ಹೇಟೆ ಮತ್ತು ಒಂದು ಹುಂಜ ಕೊಟ್ಟಳು.

ನಾನು ಅಂಥ ಕೋಳಿಗಳನ್ನು ಮೊದಲು ನೋಡಿದ್ದು ಅಲ್ಲೇ. ಕಾಲು ಎಷ್ಟು ಗಿಡ್ಡವೆಂದರೆ ನಡೆಯುವಾಗ ಎದೆಯ ಗರಿ ಮಣ್ಣು ಸವರುತ್ತಿತ್ತು. ಬೆಳೆದ ಹುಂಜ ಒಂದು ಕೆ.ಜಿ. ತೂಗಿದರೆ ಹೆಚ್ಚು. ಮೊಟ್ಟೆ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು ಅಂತ ಊರಿನವರು ಆಡಿಕೊಳ್ಳುತ್ತಿದ್ದರು, ಆದರೆ ಒಡೆದರೆ ಒಳಗೆಲ್ಲ ಹಳದಿಯೇ. ಗಿಡ್ಡಕಾಲಿನ ಕೋಳಿಗೆ ಕೆರೆಯಲು ಬರುವುದಿಲ್ಲ, ಬೇಲಿ ಹಾರಲು ಬರುವುದಿಲ್ಲ. ಹಾಗಾಗಿ ದ್ರಾಕ್ಷಿ ಬುಡಕ್ಕೂ ಸೊಪ್ಪಿನ ಮಡಿಗೂ ಹಾನಿಯಿಲ್ಲ. ಗೌಡರು ತೋಟದಲ್ಲಿ ಕೋಳಿ ಬಿಡಲು ಒಪ್ಪಿದ್ದು ಅದಕ್ಕೇ. ಹದಿನಾಲ್ಕು ಹದಿನೈದು ಮೊಟ್ಟೆ ಇಟ್ಟು ಹೇಟೆ ಕಾವಿಗೆ ಕೂತರೆ, ಮೇಲೆ ಸಿಡಿಲು ಬಿದ್ದರೂ ಏಳುತ್ತಿರಲಿಲ್ಲ.

ಹೊಸದಾಗಿ ಮನೆಗಳು ಏಳುತ್ತಿದ್ದ ಆರ್.ಟಿ. ನಗರಕ್ಕೆ ಕುಬ್ರಾಬಿ ವಾರಕ್ಕೆರಡು ಸಲ ಮಂಕರಿ ಹೊತ್ತು ಹೋಗುತ್ತಿದ್ದಳು. ಮೊಟ್ಟೆ ಬಾಣಂತಿಯರಿಗೆ, ಎಳೆ ಹುಂಜ ಜ್ವರದಿಂದ ಎದ್ದವರ ಸಾರಿಗೆ. ಒಂದು ಹುಂಜವೆಂದರೆ ಒಂದು ಮನೆಗೆ ಒಂದು ಹೊತ್ತಿನ ಸಾರು, ಉಳಿಸಿ ನಾಳೆಗಿಡುವ ಗೋಜಿಲ್ಲ. ಮಗಳ ಲಂಗ, ಸ್ಲೇಟು, ಗಂಡನ ಕೆಮ್ಮಿನ ಔಷಧಿ ಎಲ್ಲ ಈ ಮಂಕರಿಯಿಂದಲೇ ಹೊರಡುತ್ತಿದ್ದವು.

ಕಾವಿಗಿಟ್ಟ ಮೊಟ್ಟೆಗಳ ಬಗ್ಗೆ ಆಕೆ ಒಂದು ಮಾತು ಹೇಳುತ್ತಿದ್ದಳು. "ಗಿಡ್ಡಕ್ಕೆ ಗಿಡ್ಡ ಸೇರಿದ್ರೆ ನಾಕ್ರಲ್ಲಿ ಒಂದು ಮೊಟ್ಟೆ ಒಳಗೇ ಸಾಯ್ತದೆ ಡಾಕ್ಟ್ರೇ. ಒಂದು ಉದ್ದಕಾಲಿಂದು ಬರ್ತದೆ. ಉಳಿದಿದ್ದು ಎರಡು ನಮ್ದು. ನಮ್ಮಮ್ಮ ಹಂಗೇ ಹೇಳಿದ್ಲು." ನಾನು ನಕ್ಕಿದ್ದೆ. ಎಷ್ಟೋ ವರ್ಷದ ಮೇಲೆ ಒಬ್ಬ ಪಶುವೈದ್ಯರು ಕಾಗದದ ಮೇಲೆ ಚೌಕ ಬರೆದು ಅದೇ ಲೆಕ್ಕವನ್ನು ನನಗೆ ವಿವರಿಸಿದರು.

ಎಪ್ಪತ್ತನಾಲ್ಕರಲ್ಲಿ ಹುಂಜ ಬದಲಾಯಿಸುವ ಯೋಜನೆ ಬಂತು. ಹಳ್ಳಿಯ ನಾಟಿ ಹುಂಜಗಳನ್ನೆಲ್ಲ ನಾವು ತೆಗೆದುಕೊಳ್ಳಬೇಕು, ಬದಲಿಗೆ ಪುಕ್ಕಟೆಯಾಗಿ ಕೆಂಪು ಸೀಮೆ ಹುಂಜ ಕೊಡಬೇಕು. ನಾಲ್ಕಾರು ವರ್ಷದಲ್ಲಿ ಊರಿನ ಕೋಳಿಗಳೆಲ್ಲ ಜಾತಿ ಸುಧಾರಿಸಿ ದೊಡ್ಡ ಮೊಟ್ಟೆ ಇಡುತ್ತವೆ ಎಂಬುದು ಲೆಕ್ಕ. ಒಂದು ನಾಟಿ ಹುಂಜ ಉಳಿದರೂ ಕೆಲಸ ಕೆಟ್ಟ ಹಾಗೆ ಅಂತ ಮೀಟಿಂಗಿನಲ್ಲಿ ಹೇಳಿದ್ದರು. ನಾನು ಅದನ್ನು ಮನಸಾರೆ ನಂಬಿದ್ದೆ.

ರಂಜಾನ್ ಹಬ್ಬ ಮುಗಿದು ಒಂದು ತಿಂಗಳಾಗಿತ್ತು. ಹಬ್ಬಕ್ಕೆಂದು ಕುಬ್ರಾಬಿ ಎಳೆ ಹುಂಜಗಳನ್ನೆಲ್ಲ ಮಾರಿ, ತಳಿಗೆಂದು ಒಂದನ್ನು ಮಾತ್ರ ಇಟ್ಟುಕೊಂಡಿದ್ದಳು. ತಾಮ್ರದ ಬಣ್ಣ, ಬಾಲದಲ್ಲಿ ಎರಡು ಹಸಿರು ಗರಿ. ನಾನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ್ದ ಪಂಜರ ಇಳಿಸಿ ಕೆಂಪು ಹುಂಜವನ್ನು ಅಂಗಳಕ್ಕೆ ಬಿಟ್ಟೆ. ಅದರ ತಲೆ ಆಕೆಯ ಮಂಡಿಗೆ ಬರುತ್ತಿತ್ತು. ಗಿಡ್ಡ ಹೇಟೆಗಳು ದ್ರಾಕ್ಷಿ ಚಪ್ಪರದ ಕೆಳಗೆ ನುಗ್ಗಿದವು.

"ಏನ್ ಡಾಕ್ಟ್ರೇ ಇದು? ಕುರಿನಾ?" ಅಂದಳು.

ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕೊನೆಯವರೆಗೂ ಕೇಳಿದಳು.

"ಇದು ನನ್ ಕೋಳಿ ಮೇಲೆ ಹತ್ತಿದ್ರೆ ಅದರ ಬೆನ್ನು ಉಳೀತದಾ? ನೀವೇ ಹೇಳಿ."

"ಏನೂ ಆಗಲ್ಲಮ್ಮ. ಮೊಟ್ಟೆ ಎರಡರಷ್ಟಾಗುತ್ತೆ."

"ನಂಗೆ ಎರಡರಷ್ಟು ಬೇಡ. ಇಷ್ಟೇ ಸಾಕು. ನನ್ನ ಹುಂಜ ನಂಗಿರ್ಲಿ."

ಎರಡು ಸಲ ಬರಿಗೈಲಿ ವಾಪಸ್ಸು ಬಂದೆ. ಇಡೀ ಊರಿನಲ್ಲಿ ಉಳಿದದ್ದು ಅದೊಂದೇ ಹುಂಜ, ರಿಜಿಸ್ಟರಿನಲ್ಲಿ ಆ ಸಾಲು ಖಾಲಿ ಕಾಣುತ್ತಿತ್ತು. ಮೂರನೇ ಸಲ ನಾನು ಆಕೆಯ ಹತ್ತಿರ ಹೋಗಲಿಲ್ಲ. ಗೌಡರ ಜಗಲಿಗೆ ಹೋಗಿ ಕೂತೆ. ಗೌಡರು ಸರ್ದಾರ್ ಸಾಬರನ್ನು ಕರೆಸಿ, "ಸರ್ಕಾರ್ದೋರು ಪುಕ್ಸಟ್ಟೆ ಕೊಡ್ತೀವಿ ಅಂದ್ರೆ ನಿನ್ನೆಂಡ್ತಿದೇನಯ್ಯಾ ರಗಳೆ?" ಅಂದರು. ಸಾಬರು ತಲೆ ತಗ್ಗಿಸಿ ಮನೆಗೆ ಹೋಗಿ, ತಾವೇ ಹುಂಜವನ್ನು ಹಿಡಿದು ತಂದು ನನ್ನ ಕೈಗಿಟ್ಟರು. ಕುಬ್ರಾಬಿ ಬಾಗಿಲಲ್ಲಿ ನಿಂತಿದ್ದಳು. ನಾನು ಸೈಕಲ್ ಹತ್ತುವಾಗ, "ಅದಕ್ಕೆ ಬಾಯಾರಿಕೆ ಜಾಸ್ತಿ, ದಾರೀಲಿ ನೀರು ಕುಡ್ಸಿ" ಅಂದಳು.

ಬದಲಾಯಿಸಿ ತಂದ ಹುಂಜಗಳನ್ನು ಏನು ಮಾಡಬೇಕೆಂದು ಯೋಜನೆಯಲ್ಲಿ ಸರಿಯಾಗಿ ಬರೆದಿರಲಿಲ್ಲ. ಕೆಲವನ್ನು ಸಂತೆಯಲ್ಲಿ ಮಾರಿದೆವು. ಆ ಭಾನುವಾರ ನಮ್ಮ ಕಾಂಪೌಂಡರ್ ತನ್ನ ಮನೆಯಲ್ಲಿ ಎರಡನ್ನು ಕೊಯ್ಸಿ ಊಟಕ್ಕೆ ಕರೆದ. ಒಂದರ ಬಾಲದಲ್ಲಿ ಹಸಿರು ಗರಿ ಇದ್ದದ್ದು ಹಿತ್ತಲಿನಲ್ಲಿ ಬಿದ್ದಿದ್ದ ಪುಕ್ಕ ನೋಡಿದಾಗ ನನಗೆ ಗೊತ್ತಾಯಿತು. ಆಗಲೇ ಎಲೆ ಮುಂದೆ ಕೂತಿದ್ದೆ. ಎದ್ದು ಬರಲಿಲ್ಲ. ಉಂಡೆ. ಸಾರು ಬಹಳ ಚೆನ್ನಾಗಿತ್ತು.

ಆಕೆ ಹೇಳಿದ್ದೇ ಆಯಿತು. ಕೆಂಪು ಹುಂಜ ಮೊದಲ ಎರಡು ತಿಂಗಳಲ್ಲಿ ಐದು ಹೇಟೆಗಳ ಬೆನ್ನು ಹರಿಯಿತು. ಗಾಯಕ್ಕೆ ಹುಳು ಬಿದ್ದು ಮೂರು ಸತ್ತವು. ಹುಟ್ಟಿದ ಮರಿಗಳಲ್ಲಿ ಅರ್ಧಕ್ಕೆ ಅಪ್ಪನ ಉದ್ದಕಾಲು. ಇನ್ನರ್ಧದ್ದು ಅದಕ್ಕಿಂತ ಕಷ್ಟ. ಅಪ್ಪನ ದೊಡ್ಡ ಮೈ, ಅಮ್ಮನ ಗಿಡ್ಡ ಕಾಲು. ನಾಲ್ಕು ತಿಂಗಳಿಗೆ ಅವು ತಮ್ಮ ಭಾರ ತಾವೇ ಹೊರಲಾರದೆ ಕೂತಲ್ಲೇ ಕೂತು, ಎದೆ ಹುಣ್ಣಾಗಿ, ಕುಬ್ರಾಬಿ ಕಾಳನ್ನು ಕೊಕ್ಕಿನ ಹತ್ತಿರ ಇಟ್ಟರೆ ಮಾತ್ರ ತಿನ್ನುತ್ತಿದ್ದವು. ಉದ್ದಕಾಲಿನವು ಬೇಲಿ ಹಾರಿ ಗೌಡರ ಸೊಪ್ಪಿನ ಮಡಿ ಕೆದರಿದವು. ಬೈಗುಳ ಬಂತು. ಆಕೆ ಒಂದೊಂದಾಗಿ ಆ ಮರಿಗಳೆಲ್ಲವನ್ನೂ, ಕೊನೆಗೆ ಕೆಂಪು ಹುಂಜವನ್ನೂ ಮಾರಿದಳು. ಎಪ್ಪತ್ತಾರರ ಕೊನೆಗೆ, ಸತ್ತದ್ದು ಹೋದದ್ದು ಕಳೆದು, ಹಳೆಯ ತಳಿಯ ಗಿಡ್ಡ ಹೇಟೆ ಎರಡೇ ಎರಡು ಉಳಿದಿದ್ದವು. ಎರಡಕ್ಕೂ ವಯಸ್ಸಾಗಿತ್ತು.

ಆಕೆ ಗಿಡ್ಡ ಹುಂಜ ಹುಡುಕಲು ಹೊರಟದ್ದು ಆಗ. ತವರಿಗೆ ಹೋದಳು. ಅಮ್ಮ ತೀರಿಕೊಂಡಿದ್ದಳು, ಊರಲ್ಲಿ ಎಲ್ಲೆಲ್ಲೂ ಕೆಂಪು ಹುಂಜಗಳು. ಯಲಹಂಕದ ಸಂತೆ, ಯಶವಂತಪುರದ ಸಂತೆ, ಜಕ್ಕೂರಿನ ಮನೆ ಮನೆ ಸುತ್ತಿದಳು. ಬಿಸಿಲಲ್ಲಿ ಖಾಲಿ ಮಂಕರಿ ಹಿಡಿದು ಬರುತ್ತಿದ್ದ ಆಕೆ ಒಮ್ಮೆ ಹೆಬ್ಬಾಳದ ಕೆರೆ ಏರಿಯ ಮೇಲೆ ನನಗೆ ಎದುರಾದಳು. ನಾನು ಸೈಕಲ್ ಇಳಿದೆ.

"ಎಲ್ಲಾದ್ರೂ ಸಿಕ್ತಾ ಕುಬ್ರಾಬಿ?"

"ನೀವು ಸರ್ಯಾಗಿ ಕೆಲ್ಸ ಮಾಡಿದ್ದೀರ ಡಾಕ್ಟ್ರೇ. ಒಂದೂ ಬಿಟ್ಟಿಲ್ಲ," ಅಂದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಒಂದನ್ನು ನಾನು ಬಿಟ್ಟಿದ್ದೆ. ಹೆಸರಘಟ್ಟ ಕೆರೆಯ ಆಚೆ, ಹುಲ್ಲುಗಾವಲಿನ ಅಂಚಿನ ಒಂದು ಹಟ್ಟಿಯಲ್ಲಿ ಮುನಿಗಂಗಮ್ಮ ಅನ್ನುವ ಮುದುಕಿಯ ಮನೆಯಲ್ಲಿ. ಹಿಂದಿನ ವರ್ಷ ಯೋಜನೆಯ ಕೆಲಸಕ್ಕೆ ಅಲ್ಲಿಗೂ ಹೋಗಿದ್ದಾಗ, ದೇವರ ಹುಂಜ ಮುಟ್ಟಿದರೆ ಕೈ ಸೇದಿಹೋಗುತ್ತದೆ ಅಂತ ಆ ಮುದುಕಿ ಹೆದರಿಸಿ ನನ್ನನ್ನು ಓಡಿಸಿದ್ದಳು. ಸತ್ತಿದೆ ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡು ಬಂದಿದ್ದೆ. ಅದು ಗಿಡ್ಡ ಹುಂಜ. ಮಾರನೆಯ ಭಾನುವಾರ ನಾನೇ ಕುಬ್ರಾಬಿಯನ್ನು ಕರೆದುಕೊಂಡು ಹೋದೆ.

ಮುನಿಗಂಗಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ನನ್ನನ್ನು ನೋಡಿ, "ಮತ್ ಬಂದ್ಯಾ?" ಅಂದಳು. ಕುಬ್ರಾಬಿ ನನ್ನನ್ನು ದಾಟಿ ಮುಂದೆ ಹೋಗಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹುಂಜ ಅಲ್ಲೇ ಒರಳಿನ ಪಕ್ಕ ಮೇಯುತ್ತಿತ್ತು. ಬಿಳಿ ಕುತ್ತಿಗೆ, ಕಪ್ಪು ಮೈ, ಎದೆ ನೆಲಕ್ಕೆ ತಾಗುತ್ತಿತ್ತು. ಆಕೆ ಅದನ್ನೇ ನೋಡುತ್ತಾ ತನ್ನ ಕಥೆಯೆಲ್ಲ ಹೇಳಿದಳು. ಹುಂಜ ಕೊಡಿ, ಬದಲಿಗೆ ಏನು ಕೇಳಿದರೂ ಕೊಡುತ್ತೇನೆ ಅಂದಳು.

"ಅದು ಅರಕೆ ಉಂಜ ಕಣವ್ವ ಬೂಬಮ್ಮ," ಅಂದಳು ಮುದುಕಿ. "ನನ್ ಮೊಮ್ಮಗೀಗೆ ಅಮ್ಮ ಆಗಿ ಕಣ್ಣು ಮುಚ್ಚೋಗಿತ್ತು. ಮಾರಮ್ಮಂಗೆ ಏಳ್ಕಂಡೆ. ಕಣ್ ಬಿಡ್ತು. ಈಗ ಕೊಡ್ದೆ ಇದ್ರೆ ಅವ್ಳು ಬುಡ್ತಾಳಾ?"

"ಬೇರೆ ಹುಂಜ ಕೊಟ್ರೆ?"

"ಇದ್ನೇ ತೋರ್ಸಿ ಏಳಿವ್ನಿ. ಮಾತು ಅಂದ್ರೆ ಮಾತು. ನಿಮ್ಮಲ್ಲೂ ಅಂಗೇ ಅಲ್ವಾ?"

ಕುಬ್ರಾಬಿ ತಲೆಯಾಡಿಸಿದಳು. "ಹೌದು. ನಮ್ಮಲ್ಲೂ ಹಂಗೇ."

ಹರಕೆ ಯಾವತ್ತು ಅಂತ ನಾನು ಕೇಳಿದೆ. ಯುಗಾದಿ ಕಳೆದ ಮಂಗಳವಾರ ಅಂದಳು. ಇನ್ನೂ ಒಂಬತ್ತು ದಿನವಿತ್ತು. ಮುದುಕಿಯೇ ಹುಣಸೆಬೀಜ ಗುಡ್ಡೆ ಮಾಡುತ್ತಾ, "ನಿನ್ನೇಟೆ ತಂದು ಇಲ್ ಬುಟ್ಟೋಗು. ಅದಿರೋಗಂಟ ಜತೇಲಿರ್ಲಿ. ಮೊಟ್ಟೆ ನಾನೆತ್ತಿಡ್ತೀನಿ," ಅಂದಳು.

ಕುಬ್ರಾಬಿ ಮಾರನೆಯ ದಿನವೇ ಎರಡೂ ಹೇಟೆಗಳನ್ನು ತಂದು ಬಿಟ್ಟಳು. ಹುಂಜ ಹೋದ ಮೇಲೂ ಎಂಟು ಹತ್ತು ದಿನ ಇಡುವ ಮೊಟ್ಟೆಗಳಲ್ಲಿ ಮರಿಯಾಗುತ್ತವೆ ಅಂತ ನಾನು ಹೇಳಿದೆ. ನಾನು ಆಕೆಗೆ ಹೇಳಿದ ಮಾತುಗಳಲ್ಲಿ ಪ್ರಯೋಜನಕ್ಕೆ ಬಂದದ್ದು ಅದೊಂದೇ ಇರಬೇಕು.

ಹರಕೆಯ ದಿನ ಆಕೆ ಒಬ್ಬಳೇ ಹೋಗಿದ್ದಳು. ಆದದ್ದನ್ನು ಆಮೇಲೆ ನನಗೆ ಹೇಳಿದಳು. ಮಾರಮ್ಮನ ಕಲ್ಲಿನ ಮುಂದೆ ಹುಂಜ ಕೊಯ್ಯುವವರೆಗೂ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದಳಂತೆ. ಮುನಿಗಂಗಮ್ಮ ಕೈ ತೊಳೆದುಕೊಂಡು ಬಂದು, ರಾಗಿಹೊಟ್ಟಿನಲ್ಲಿ ಹುದುಗಿಸಿಟ್ಟಿದ್ದ ಒಂಬತ್ತು ಮೊಟ್ಟೆ ಎಣಿಸಿ ಕೊಟ್ಟಳು. ಊಟಕ್ಕೆ ಕೂರು ಅಂದಳು, ಆಮೇಲೆ ತಾನೇ ನೆನಪು ಮಾಡಿಕೊಂಡು, "ನೀವ್ ಇದ್ನ ತಿನ್ನಂಗಿಲ್ಲ ಅಲ್ವಾ" ಅಂತ ಒಂದು ಅಚ್ಚು ಬೆಲ್ಲ ಮಡಿಲಿಗೆ ಹಾಕಿದಳು. ಹೆಸರಘಟ್ಟದಿಂದ ಯಶವಂತಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹೆಬ್ಬಾಳಕ್ಕೆ ಇನ್ನೊಂದು. ಎರಡು ಕೋಳಿ ಕಂಕುಳಲ್ಲಿ, ಮೊಟ್ಟೆ ಬುಟ್ಟಿ ಎದೆಗೆ. ನೂಕಾಟದಲ್ಲಿ ಮೂರು ಒಡೆದವು.

ಮನೆಗೆ ಬಂದ ಮೇಲೆ ಹೇಟೆಗಳು ಇನ್ನೂ ಐದು ಇಟ್ಟವು. ಹನ್ನೊಂದರ ಮೇಲೆ ಒಂದು ಹೇಟೆ ಕಾವಿಗೆ ಕೂತಿತು. ಇಪ್ಪತ್ತೊಂದನೇ ದಿನ ನಾನು ರಜೆ ಹಾಕಿ ಹೋಗಿದ್ದೆ. ಮೂರು ಗೊಡ್ಡು. ಮೂರರಲ್ಲಿ ಮರಿ ಪೂರ್ತಿ ಬೆಳೆಯದೆ ಒಳಗೇ ಸತ್ತಿತ್ತು. ಐದು ಮರಿ ಹೊರಗೆ ಬಂದವು. ಕುಬ್ರಾಬಿ ಒಂದೊಂದನ್ನೂ ಅಂಗೈ ಮೇಲೆ ನಿಲ್ಲಿಸಿ ಕಾಲು ನೋಡಿದಳು. ಎರಡು ಉದ್ದ. ಮೂರು ಗಿಡ್ಡ. ಆ ಮೂರರಲ್ಲಿ ಎರಡು ಹೇಟೆ, ಒಂದು ಹುಂಜ ಅಂತ ಗೊತ್ತಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಹುಂಜದ ಜುಟ್ಟು ಕೆಂಪಗೆ ಮೂಡಿದ ದಿನ ಆಕೆ ರೆಹಾನಾಳ ಕೈಲಿ ನಮ್ಮ ಆಸ್ಪತ್ರೆಗೆ ಹೇಳಿ ಕಳಿಸಿದಳು. ನಾನು ಹೋದಾಗ ಶಾವಿಗೆ ಪಾಯಸ ಮಾಡಿದ್ದಳು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತು.

ಒಂದೂವರೆ ವರ್ಷದಲ್ಲಿ ಹದಿನಾಲ್ಕು ಗಿಡ್ಡಕೋಳಿ ಆದವು. ಒಂದೇ ಹುಂಜದ ಸಂತಾನ, ಮರಿಗಳಲ್ಲಿ ಸಾಯುವುದು ಜಾಸ್ತಿ ಇತ್ತು. ಆದರೂ ಆಕೆ ಒಂದನ್ನೂ ಮಾರಲಿಲ್ಲ, ಕೊಯ್ಸಲಿಲ್ಲ. ಸಾರು ಮಾಡುವುದು ನಲವತ್ತಾದ ಮೇಲೆ ಅನ್ನುತ್ತಿದ್ದಳು. ಮಂಕರಿ ಹೊತ್ತು ಆರ್.ಟಿ. ನಗರಕ್ಕೆ ಹೋಗುವುದು ನಿಂತು, ಗೌಡರ ತೋಟದಲ್ಲೇ ಕಳೆ ಕೀಳಲು ಹೋಗುತ್ತಿದ್ದಳು.

ಎಪ್ಪತ್ತೆಂಟರಲ್ಲಿ ಗೌಡರು ತೀರಿಕೊಂಡರು. ಮಗ ಚನ್ನಕೇಶವ ಪಿಯುಸಿ ಓದಿದವನು, ಚುರುಕು, ಕೆಟ್ಟವನಲ್ಲ. ದ್ರಾಕ್ಷಿ ಚಪ್ಪರ ಕೀಳಿಸಿ ಎರಡು ಸಾವಿರ ಬಿಳಿ ಕೋಳಿಯ ಫಾರಂ ಮಾಡುತ್ತೇನೆ ಅಂದ. ಅರ್ಜಿ ಬರೆದುಕೊಟ್ಟವನು ನಾನು. ಶೆಡ್ ಎಷ್ಟು ಉದ್ದ, ನೀರು ಎಲ್ಲಿ, ಯಾವ ವಾರಕ್ಕೆ ಯಾವ ಲಸಿಕೆ ಎಲ್ಲ ಪಟ್ಟಿ ಮಾಡಿಕೊಟ್ಟೆ. ಆ ಪಟ್ಟಿಯ ಕೊನೆಯಲ್ಲಿ, ನಮಗೆ ಕಲಿಸಿದ್ದ ಹಾಗೆಯೇ, ರೋಗ ಹರಡುವುದರಿಂದ ಫಾರಂ ಸುತ್ತಮುತ್ತ ಬಿಟ್ಟ ಕೋಳಿ ಇರಬಾರದು ಎಂದು ಬರೆದೆ. ಬರೆಯುವಾಗ ಕುಬ್ರಾಬಿಯ ನೆನಪೇ ಬರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬರಲಿಲ್ಲ.

ಚನ್ನಕೇಶವ ಆ ಕಾಗದ ಹಿಡಿದುಕೊಂಡೇ ಆಕೆಯ ಅಂಗಳಕ್ಕೆ ಹೋದ. "ನೋಡಿ ಬೂಬಮ್ಮ, ನಾನ್ ಹೇಳ್ತಿಲ್ಲ, ಡಾಕ್ಟ್ರೇ ಬರ್ದಿದ್ದಾರೆ. ಕೋಳಿ ಇರ್ಬಾರ್ದು. ಇಲ್ಲಾಂದ್ರೆ ಮನೆ ಬೇರೆ ಕಡೆ ನೋಡ್ಕೊಬೇಕಾಗುತ್ತೆ."

ಮನೆ ಬಿಟ್ಟು ಹೋಗಲು ಆಗುತ್ತಿರಲಿಲ್ಲ. ಸರ್ದಾರ್ ಸಾಬರಿಗೆ ಉಬ್ಬಸ ಹೆಚ್ಚಾಗಿ ಕೆಲಸ ನಿಂತಿತ್ತು. ಕುಬ್ರಾಬಿ ಹದಿನಾಲ್ಕೂ ಕೋಳಿಗಳನ್ನು ಕೋಣೆಯೊಳಗೆ ಮಂಕರಿಗಳ ಕೆಳಗೆ ಮುಚ್ಚಿಟ್ಟಳು. ನಾನು ಹೋದಾಗ ಬಾಗಿಲು ತೆರೆದರೆ ಕಣ್ಣು ಉರಿಯುವಷ್ಟು ಹಿಕ್ಕೆಯ ನಾತ, ಮಂಚದ ಮೇಲೆ ಸಾಬರು ಕೆಮ್ಮುತ್ತಿದ್ದರು. ಹುಳ ಹುಪ್ಪಟೆ ಇಲ್ಲ, ಬಿಸಿಲಿಲ್ಲ, ಕೋಳಿಗಳು ಮೊಟ್ಟೆ ಇಡುವುದು ನಿಲ್ಲಿಸಿದ್ದವು.

"ಹೊರಗೆ ಬಿಟ್ರೆ ನೋಡ್ತಾರೆ. ಒಳಗಿಟ್ರೆ ಇವರು ಕೆಮ್ತಾರೆ," ಅಂದಳು. "ಏನ್ ಮಾಡ್ಲಿ ಡಾಕ್ಟ್ರೇ?"

"ಸ್ವಲ್ಪ ದಿನ ತಡೀರಿ. ನಾನು ಚನ್ನಕೇಶವಂಗೆ ಹೇಳ್ತೀನಿ. ಫಾರಂ ಕೋಳಿಗಳ ಜೊತೆ ನಿಮ್ಮವಕ್ಕೂ ಲಸಿಕೆ ಹಾಕ್ಬಿಟ್ರೆ ಅವನಿಗೂ ಭಯ ಇರಲ್ಲ."

ಬೇಸಿಗೆಯಲ್ಲಿ ಊರಿನ ಕೋಳಿಗಳನ್ನೆಲ್ಲ ಸಾಲಾಗಿ ಕೆಡವುವ ಕೊಕ್ಕರೆ ರೋಗದ ಲಸಿಕೆ ಒಂದು ಸೀಸೆ ನೂರು ಕೋಳಿಗೆ ಆಗುತ್ತಿತ್ತು. ಒಮ್ಮೆ ಒಡೆದು ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಐಸಿನಲ್ಲೇ ಇರಬೇಕು. ಹದಿನಾಲ್ಕು ಕೋಳಿಗೆ ಅಂತ ಯಾರೂ ಒಂದು ಸೀಸೆ ಒಡೆಯುವುದಿಲ್ಲ. ಹಾಗಾಗಿ ಫಾರಮ್ಮಿನಲ್ಲಿ ಉಳಿದದ್ದನ್ನು ಆಕೆಯ ಮನೆಗೆ ಒಯ್ಯುವುದು ಅಂತ ಮಾಡಿಕೊಂಡೆ. ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ ಎರಡು ಸಾವಿರ ಕೋಳಿಗೆ ಲಸಿಕೆ ಹಾಕಿದೆವು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಮುಗಿಸುವಾಗ ಮಧ್ಯಾಹ್ನ ಎರಡು ಗಂಟೆ. ಕೊನೆಯ ಸೀಸೆಯಲ್ಲಿ ಸ್ವಲ್ಪ ಉಳಿದಿತ್ತು, ಫ್ಲಾಸ್ಕಿನ ಐಸು ನೀರಾಗಿತ್ತು. ಬಿಸಿಯಾದ ಲಸಿಕೆ ಹಾಕಿ ಪ್ರಯೋಜನವಿಲ್ಲ. ಚನ್ನಕೇಶವನ ಮನೆಯಲ್ಲಿ ಊಟ ಬಡಿಸಿದ್ದರು. ಊಟ ಮಾಡಿ, ಕುಬ್ರಾಬಿಯ ಬಾಗಿಲಿಗೆ ಹೋಗಿ, ಮುಂದಿನ ಸಲ ನಿಮ್ಮದನ್ನೇ ಮೊದಲು ಮುಗಿಸುತ್ತೇನೆ ಅಂದೆ. ಆಕೆ ಆಗಲೇ ಹದಿನಾಲ್ಕೂ ಕೋಳಿಗಳ ಕಾಲಿಗೆ ದಾರ ಕಟ್ಟಿ ಸಾಲಾಗಿ ಕೂರಿಸಿಕೊಂಡು ಬೆಳಗಿನಿಂದ ಕಾಯುತ್ತಿದ್ದಳು.

"ಆಯ್ತು ಡಾಕ್ಟ್ರೇ," ಅಂತ ದಾರ ಬಿಚ್ಚಲು ಕೂತಳು.

ಮುಂದಿನ ಸಲ ಬರುವುದರೊಳಗೆ ಬೇಸಿಗೆ ಬಂತು, ಬೇಸಿಗೆಯ ಜೊತೆ ರೋಗವೂ ಬಂತು. ಎಲ್ಲಿಂದ ಬಂತೋ ಹೇಳಲಾಗದು. ಸಂತೆಯಿಂದ ಇರಬಹುದು, ಕಾಗೆಯಿಂದ ಇರಬಹುದು, ನನ್ನ ಚಪ್ಪಲಿಯಿಂದಲೂ ಇರಬಹುದು. ಊರಿನ ಬಿಟ್ಟ ಕೋಳಿಗಳೆಲ್ಲ ಒಂದು ವಾರದಲ್ಲಿ ಮಲಗಿದವು. ಫಾರಮ್ಮಿನಲ್ಲಿ ಲಸಿಕೆ ಹಾಕಿದ್ದರಿಂದ ಹೋದದ್ದು ಇಪ್ಪತ್ತೋ ಮೂವತ್ತೋ. ಕುಬ್ರಾಬಿಯ ಮನೆಯಲ್ಲಿ ಮೊದಲ ದಿನ ನಾಲ್ಕು, ಎರಡನೇ ದಿನ ಆರು.

ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆಗೆಯುವಾಗ ಆಕೆ ಮೆಟ್ಟಿಲ ಮೇಲೆ ಕೂತಿದ್ದಳು. ಹುಂಜ ಮಡಿಲಲ್ಲಿತ್ತು. ಕುತ್ತಿಗೆ ತಿರುಚಿ ಬೆನ್ನಿನ ಮೇಲೆ ಬಿದ್ದಿತ್ತು, ಕೊಕ್ಕು ತೆರೆದು ಉಸಿರಾಡುತ್ತಿತ್ತು. ಸೀರೆಯ ಮೇಲೆಲ್ಲ ಹಸಿರು ಭೇದಿ.

"ಇನ್ನೂ ಬಿಸಿ ಇದೆ ನೋಡಿ," ಅಂದಳು. "ಏನಾದ್ರೂ ಹಾಕಿ. ಸೂಜಿ ಹಾಕಿ."

"ಇದಕ್ಕೆ ಔಷಧಿ ಇಲ್ಲ ಕುಬ್ರಾಬಿ."

"ದೊಡ್ಡ ಡಾಕ್ಟ್ರ ಹತ್ರ?"

"ಯಾರ ಹತ್ರನೂ ಇಲ್ಲ."

ಆಕೆ ಹುಂಜದ ಕುತ್ತಿಗೆಯನ್ನು ನೆಟ್ಟಗೆ ಮಾಡಿ ಹಿಡಿದಳು. ಕೈ ಬಿಟ್ಟರೆ ಮತ್ತೆ ತಿರುಚುತ್ತಿತ್ತು. ಮತ್ತೆ ಸರಿಮಾಡುತ್ತಿದ್ದಳು. ನಾನು ಸುಮ್ಮನೆ ನಿಲ್ಲಲಾರದೆ ಒಂದು ವಿಟಮಿನ್ ಸೂಜಿ ಚುಚ್ಚಿದೆ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು, ನನ್ನ ಮುಖ ನೋಡಿ ಆಕೆಗೂ ಗೊತ್ತಾಯಿತು. ಹತ್ತು ಗಂಟೆಯ ಹೊತ್ತಿಗೆ ಹುಂಜ ಸತ್ತಿತು. ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

"ಆವತ್ತು ನೀವು ಊಟಕ್ಕೆ ಮುಂಚೆ ಬಂದಿದ್ರೆ ಆಗ್ತಿತ್ತಾ?" ಅಂತ ಕೇಳಿದಳು.

ಊಟಕ್ಕೆ ಮುಂಚೆಯೂ ಐಸು ಕರಗಿತ್ತು ಎನ್ನುವುದು ನಿಜ. ಆದರೆ ಬೆಳಿಗ್ಗೆ ಏಳಕ್ಕೆ ಮೊದಲ ಸೀಸೆ ಒಡೆದಾಗ ಆಕೆಯ ಮನೆಗೆ ಹೋಗಿಬರಲು ಹತ್ತು ನಿಮಿಷ ಸಾಕಾಗಿತ್ತು ಎನ್ನುವುದೂ ನಿಜ. ನನಗೆ ಅದು ಹೊಳೆದಿರಲಿಲ್ಲ. "ಗೊತ್ತಿಲ್ಲ" ಅಂದೆ.

ಆ ವಾರದ ಕೊನೆಗೆ ಉಳಿದದ್ದು ಒಂದೇ ಹೇಟೆ. ರೋಗ ಬಂದು ಬದುಕಿತು, ಆದರೆ ಕುತ್ತಿಗೆ ಓರೆಯಾಗಿ ನಿಂತುಬಿಟ್ಟಿತು, ಕಾಳು ಕುಕ್ಕಲು ಹೋದರೆ ಪಕ್ಕದ ಮಣ್ಣು ಕುಕ್ಕುತ್ತಿತ್ತು. ಆರು ತಿಂಗಳು ಕುಬ್ರಾಬಿ ಅದಕ್ಕೆ ನುಚ್ಚಿನ ಗಂಜಿ ಕೈಯಲ್ಲಿ ತಿನ್ನಿಸಿದಳು. ಮುನಿಗಂಗಮ್ಮನ ಹಟ್ಟಿಗೆ ಇನ್ನೊಮ್ಮೆ ಹೋಗಿಬಂದಳು. ಅಲ್ಲೂ ರೋಗ ಎಲ್ಲವನ್ನೂ ಒಯ್ದಿತ್ತು. ಮುದುಕಿ ಬರಿಗೂಡು ತೋರಿಸಿದಳಂತೆ. ಮಳೆಗಾಲ ಮುಗಿಯುವಾಗ ಓರೆ ಕುತ್ತಿಗೆಯ ಹೇಟೆಯೂ ಸತ್ತಿತು.

ಆಮೇಲೆ ಚನ್ನಕೇಶವನೇ ಕರೆದು ಆಕೆಗೆ ಫಾರಮ್ಮಿನಲ್ಲಿ ಕೆಲಸ ಕೊಟ್ಟ. ಕೋಳಿ ಸಾಕಿದ ಕೈ, ಇವರಿಗಿಂತ ಯಾರು ಬೇಕು ಅಂದ. ಏಳು ವರ್ಷ ಆಕೆ ಆ ಶೆಡ್ಡಿನಲ್ಲಿ ಮೊಟ್ಟೆ ಆಯ್ದು ಟ್ರೇಗೆ ಜೋಡಿಸಿದಳು. ತಂತಿ ಪಂಜರದಲ್ಲಿ ಕೂತ ಆ ಬಿಳಿ ಕೋಳಿಗಳು ಕಾವಿಗೆ ಕೂರುವುದಿಲ್ಲ, ಮೊಟ್ಟೆಯಿಂದ ಮರಿಯೂ ಆಗುವುದಿಲ್ಲ. ಇಡುವುದು ನಿಂತ ವಾರ ಲಾರಿ ಬಂದು ಒಯ್ಯುತ್ತದೆ. ನಾನು ಲಸಿಕೆಗೆ ಹೋದಾಗಲೆಲ್ಲ ಆಕೆ ಕೋಳಿಗಳ ರೆಕ್ಕೆ ಹಿಡಿದು ಒಂದೊಂದಾಗಿ ಕೊಡುತ್ತಿದ್ದಳು. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಹಿಂದೆ ಆಕೆ ಕೋಳಿಗಳ ಜೊತೆ ದಖ್ಖನಿಯಲ್ಲಿ ಬೈಯುತ್ತಾ ಮುದ್ದಿಸುತ್ತಾ ದಿನವಿಡೀ ಮಾತಾಡುತ್ತಿದ್ದಳು. ಶೆಡ್ಡಿನಲ್ಲಿ ಆಕೆ ಕೋಳಿಗಳ ಜೊತೆ ಬಾಯಿ ಬಿಟ್ಟದ್ದನ್ನು ನಾನು ಕೇಳಲಿಲ್ಲ.

ಎಂಬತ್ತಮೂರರಲ್ಲಿ ಸರ್ದಾರ್ ಸಾಬರು ತೀರಿಕೊಂಡರು. ಎಂಬತ್ತಾರರಲ್ಲಿ ಚನ್ನಕೇಶವ ಫಾರಂ ಮುಚ್ಚಿ ಜಾಗವನ್ನು ಸೈಟು ಮಾಡಿ ಮಾರಿದ. ಶೆಡ್ಡಿನ ಜೊತೆಗೇ ಮೂಲೆಯ ಕೋಣೆಯನ್ನೂ ಕೆಡವಿದರು. ಕುಬ್ರಾಬಿ ಆರ್.ಟಿ. ನಗರದಲ್ಲಿ ಮಗಳು ರೆಹಾನಾಳ ಮನೆ ಸೇರಿದಳು. ಅಳಿಯ ನೂರುಲ್ಲಾ ವೆಲ್ಡಿಂಗ್ ಕೆಲಸದವನು. ಮೊದಲನೇ ಮಹಡಿಯಲ್ಲಿ ಎರಡು ಕೋಣೆ.

ಎಂಬತ್ತೆಂಟರಲ್ಲಿ ನನಗೆ ಕೋಲಾರದ ಕಡೆ ವರ್ಗವಾಗಿತ್ತು. ಅಲ್ಲಿನ ಒಂದು ಸಂತೆಯಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಎರಡು ಗಿಡ್ಡ ಮರಿ ಇಟ್ಟುಕೊಂಡು ಕೂತಿದ್ದಳು. ಒಂದು ಹೇಟೆ, ಒಂದು ಹುಂಜ. ಕೇಳಿದಷ್ಟು ಕೊಟ್ಟು, ಆ ಶನಿವಾರವೇ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಬಂದೆ.

ಕುಬ್ರಾಬಿ ಕಿಟಕಿ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ಬುಟ್ಟಿಯನ್ನು ಆಕೆಯ ಮುಂದಿಟ್ಟು ಮುಚ್ಚಳ ತೆಗೆದೆ. ಆಕೆ ಹುಂಜದ ಮರಿಯನ್ನು ಎತ್ತಿ ಅಂಗೈ ಮೇಲೆ ನಿಲ್ಲಿಸಿಕೊಂಡು, ಕಾಲಿನ ಗಂಟು ಬೆರಳಿನಿಂದ ಒತ್ತಿ ನೋಡಿದಳು. ಎದೆಮೂಳೆ ಸವರಿದಳು. ಹೇಟೆಯನ್ನೂ ಹಾಗೇ ನೋಡಿದಳು.

"ಇದು ಗಿಡ್ಡ ಅಲ್ಲ ಡಾಕ್ಟ್ರೇ," ಅಂದಳು. "ಹೊಟ್ಟೆಗಿಲ್ದೆ ಕುಗ್ಗಿರೋದು. ಒಂದು ತಿಂಗಳು ತಿನ್ನಕ್ಕೆ ಹಾಕಿದ್ರೆ ಕಾಲು ಬೆಳೀತದೆ."

"ಸರಿಯಾಗಿ ನೋಡಿ."

"ನೋಡ್ದೆ."

ಸಾಕಿ ನೋಡಬಹುದಲ್ಲ ಅಂದೆ. ಆಕೆ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. ಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರು, ಮಡಿಸಿಟ್ಟ ಹಾಸಿಗೆ, ಹೊರಗೆ ಸಿಮೆಂಟಿನ ಓಣಿ.

"ಎಲ್ಲಿ?" ಅಂದಳು.

ರೆಹಾನಾ ಚಹಾ ತಂದಳು. ಕುಡಿದೆ. ಕುಬ್ರಾಬಿ ನನ್ನ ಹೆಂಡತಿ ಮಕ್ಕಳನ್ನು ವಿಚಾರಿಸಿದಳು, ಕೋಲಾರದಲ್ಲಿ ನೀರು ಹೇಗೆ ಅಂತ ಕೇಳಿದಳು. ಬುಟ್ಟಿಯ ಕಡೆ ಮತ್ತೆ ನೋಡಲಿಲ್ಲ. ನಾನು ಎದ್ದಾಗ ಗೋಡೆ ಹಿಡಿದು ತಾನೂ ಎದ್ದು, ಮೆಟ್ಟಿಲವರೆಗೆ ಬಂದಳು.

ಮರಿಗಳನ್ನು ಮೇಖ್ರಿ ಸರ್ಕಲ್ಲಿನ ಬಸ್ ಸ್ಟಾಪಿನಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿಗೆ ಕೊಟ್ಟುಬಿಟ್ಟೆ. ಕುಬ್ರಾಬಿ ಮುಂದಿನ ವರ್ಷ ಚಳಿಗಾಲದಲ್ಲಿ ತೀರಿಕೊಂಡಳಂತೆ. ನನಗೆ ಗೊತ್ತಾಗುವ ಹೊತ್ತಿಗೆ ನಲವತ್ತು ದಿನ ಕಳೆದಿತ್ತು.